ಮಾರ್ಕ್ಸ್ ಅಥವಾ ಲೆನಿನ್: ಯಾವ ಪ್ರಶ್ನೆಗೆ ಯಾರನ್ನು ಓದಬೇಕು?

ಎಡಪಂಥದ ಬಗ್ಗೆ ಓದಲು ಹೊರಟವರಿಗೆ ಶುರುವಿನಲ್ಲೇ ಒಂದು ಗೊಂದಲ ಎದುರಾಗುತ್ತದೆ. ಮಾರ್ಕ್ಸ್‌ವಾದ, ಲೆನಿನ್‌ವಾದ, ಮಾರ್ಕ್ಸ್‌ವಾದ-ಲೆನಿನ್‌ವಾದ ಅಂತ ಮೂರು ಹೆಸರು ಒಂದರ ಹಿಂದೆ ಒಂದು ಬರುತ್ತವೆ. ಮೂರೂ ಒಂದೇ ಅಂತ ಕೆಲವರು ಹೇಳುತ್ತಾರೆ. ಮಾರ್ಕ್ಸ್ ಸರಿಯಿದ್ದ, ಲೆನಿನ್ ಬಂದು ಕೆಡಿಸಿದ ಅಂತ ಇನ್ನು ಕೆಲವರು. ಈ ಎರಡೂ ಅವಸರದ ತೀರ್ಪು ಅಂತ ನನಗನ್ನಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾರ್ಕ್ಸ್ ಜೀವನದ ಬಹುಪಾಲು ಕಳೆದದ್ದು ಬಂಡವಾಳಶಾಹಿ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುವುದರಲ್ಲಿ. ಲೆನಿನ್ ತಲೆಯಲ್ಲಿ ಸದಾ ಇದ್ದ ಪ್ರಶ್ನೆ ಅಧಿಕಾರ ಹಿಡಿಯುವುದು ಹೇಗೆ ಅನ್ನುವುದು, ಅದೂ ಎಂಥ ದೇಶದಲ್ಲಿ ಅಂದರೆ, ಜನರಲ್ಲಿ ಬಹುಪಾಲು ರೈತರೇ ಆಗಿದ್ದ, ಕಾರ್ಮಿಕ ಸಂಘ ಕಟ್ಟಿದರೆ ಝಾರ್ ದೊರೆಯ ಪೊಲೀಸರು ಸೈಬೀರಿಯಾಕ್ಕೆ ಅಟ್ಟುತ್ತಿದ್ದ ರಷ್ಯಾದಲ್ಲಿ. ಮಾರ್ಕ್ಸ್‌ನನ್ನು ಒಪ್ಪಿ ಲೆನಿನ್‌ನನ್ನು ಬಿಡಬಹುದು. ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಾರ್ಕ್ಸ್ ಗೊತ್ತಿಲ್ಲದೆ ಲೆನಿನ್ ಅರ್ಥವಾಗುವುದಿಲ್ಲ. ಹಾಗಾಗಿ ‘ಯಾರು ಸರಿ’ ಅಂತ ಒಂದೇ ಏಟಿಗೆ ಕೇಳುವುದನ್ನು ಬಿಟ್ಟು, ಒಂದೊಂದು ಪ್ರಶ್ನೆಯನ್ನೂ ಬೇರೆಯಾಗಿ ಎತ್ತಿಕೊಂಡು ನೋಡೋಣ.

ಕೂಲಿ, ಲಾಭ, ಕೆಲಸದ ಹೊತ್ತು

ಇಲ್ಲಿ ಹೆಚ್ಚು ಯೋಚಿಸಬೇಕಿಲ್ಲ, ಮಾರ್ಕ್ಸ್‌ನನ್ನೇ ಓದಿ. ಅವನ ಮುಖ್ಯ ಗ್ರಂಥ ‘ಬಂಡವಾಳ’ದ ಮೊದಲ ಸಂಪುಟ 1867ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು. ಉಳಿದ ಎರಡು ಸಂಪುಟಗಳನ್ನು ಮಾರ್ಕ್ಸ್ ಸತ್ತ ಮೇಲೆ ಅವನ ಒಡನಾಡಿ ಎಂಗೆಲ್ಸ್ ಹೊರತಂದ, 1885 ಮತ್ತು 1894ರಲ್ಲಿ. ಅದರ ತಿರುಳು ಇಷ್ಟು: ಕೆಲಸಗಾರ ತನ್ನ ದುಡಿಯುವ ಶಕ್ತಿಯನ್ನು ಮಾರುತ್ತಾನೆ. ಆ ಶಕ್ತಿಯ ಬೆಲೆ ಅವನ ಸಂಬಳ. ಆದರೆ ಒಂದು ದಿನದಲ್ಲಿ ಅವನು ತನ್ನ ಸಂಬಳಕ್ಕಿಂತ ಜಾಸ್ತಿ ಮೌಲ್ಯ ಹುಟ್ಟಿಸುತ್ತಾನೆ. ಆ ಜಾಸ್ತಿ ಭಾಗವೇ ಹೆಚ್ಚುವರಿ ಮೌಲ್ಯ. ಲಾಭ, ಬಡ್ಡಿ, ಬಾಡಿಗೆ ಎಲ್ಲವೂ ಬರುವುದು ಅದರಿಂದಲೇ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಬೇಕಾಗಿಲ್ಲ, ಎಲ್ಲ ವ್ಯವಹಾರ ನ್ಯಾಯವಾಗಿ ನಡೆದರೂ ಇದು ನಡೆಯುತ್ತದೆ, ಮಾರ್ಕ್ಸ್‌ನ ವಾದದ ಬಲ ಇರುವುದೇ ಅಲ್ಲಿ.

ಅದರಲ್ಲಿ ಕೆಲಸದ ದಿನದ ಬಗ್ಗೆ ಒಂದು ಅಧ್ಯಾಯ ಇದೆ. ಸಿದ್ಧಾಂತ ಬೇಜಾರು ಅನ್ನುವವರೂ ಅದನ್ನು ಓದಬಹುದು. ಬ್ರಿಟಿಷ್ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರ್‌ಗಳ ವರದಿಗಳನ್ನೇ ಮುಂದಿಟ್ಟುಕೊಂಡು, ಮಕ್ಕಳು ಎಷ್ಟು ಹೊತ್ತು ದುಡಿಯುತ್ತಿದ್ದರು, ಊಟದ ಬಿಡುವಿನಲ್ಲಿ ಮಾಲೀಕರು ನಿಮಿಷಗಳನ್ನು ಹೇಗೆ ಕದಿಯುತ್ತಿದ್ದರು, ಹತ್ತು ಗಂಟೆಯ ಕಾನೂನಿಗಾಗಿ ಎಷ್ಟು ವರ್ಷ ಜಗ್ಗಾಟ ನಡೆಯಿತು ಅಂತ ಮಾರ್ಕ್ಸ್ ಬರೆಯುತ್ತಾನೆ. ಇವತ್ತು ಹನ್ನೆರಡು ಗಂಟೆ ಪಾಳಿಯ ಬಗ್ಗೆ ಚರ್ಚೆ ಮಾಡುವವರು ಆ ಅಧ್ಯಾಯ ಓದಲೇಬೇಕು.

ಲೆನಿನ್ ಈ ಭಾಗಕ್ಕೆ ಹೊಸದಾಗಿ ಸೇರಿಸಿದ್ದು ಕಡಿಮೆ. 1899ರಲ್ಲಿ ಅವನು ರಷ್ಯಾದ ಹಳ್ಳಿಗಳಲ್ಲಿ ಬಂಡವಾಳಶಾಹಿ ಹೇಗೆ ಬೇರು ಬಿಡುತ್ತಿದೆ ಅಂತ ಅಂಕಿಅಂಶ ತುಂಬಿದ ಒಂದು ದೊಡ್ಡ ಪುಸ್ತಕ ಬರೆದ. ಅದರ ಬಹುಪಾಲು ಬರೆದದ್ದು ಸೈಬೀರಿಯಾದ ಗಡಿಪಾರಿನಲ್ಲಿದ್ದಾಗ. ಒಳ್ಳೆಯ ಕೆಲಸ ಅದು. ಆದರೆ ಅದು ಮಾರ್ಕ್ಸ್‌ನ ವಿಧಾನವನ್ನು ರಷ್ಯಾಕ್ಕೆ ಹಚ್ಚಿದ್ದು, ಅಷ್ಟೇ.

ಕ್ರಾಂತಿ ಮೊದಲು ಎಲ್ಲಿ?

ಬಂಡವಾಳಶಾಹಿ ಚೆನ್ನಾಗಿ ಬೆಳೆದು, ಕಾರ್ಖಾನೆಗಳು ಎದ್ದು, ಕಾರ್ಮಿಕರೇ ಬಹುಸಂಖ್ಯಾತರಾದ ದೇಶದಲ್ಲಿ ಕ್ರಾಂತಿ ಆಗುತ್ತದೆ ಅಂತ ಮಾರ್ಕ್ಸ್ ನಂಬಿದ್ದ ಎಂಬುದು ಸಾಮಾನ್ಯ ತಿಳಿವಳಿಕೆ. ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್ ಅವನ ಕಣ್ಣಮುಂದೆ ಇದ್ದವು. ಇದು ಬಹುಮಟ್ಟಿಗೆ ನಿಜ. ಅದಕ್ಕೇ 1917ರ ಕೊನೆಯಲ್ಲಿ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಷಿ, ರಷ್ಯಾದಲ್ಲಿ ಅಧಿಕಾರ ಹಿಡಿದ ಬೊಲ್ಶೆವಿಕರು, ಅಂದರೆ ಲೆನಿನ್ ಪಕ್ಷದವರು, ಮಾಡಿದ್ದು ಮಾರ್ಕ್ಸ್‌ನ ‘ಬಂಡವಾಳ’ದ ವಿರುದ್ಧವೇ ನಡೆದ ಕ್ರಾಂತಿ ಅಂತ ಬರೆದ. ಹೊಗಳಿಯೇ ಬರೆದದ್ದು.

ಆದರೆ ವಯಸ್ಸಾದ ಮಾರ್ಕ್ಸ್‌ನನ್ನು ಓದಿದರೆ ಕತೆ ಸ್ವಲ್ಪ ಬೇರೆ. ‘ಬಂಡವಾಳ’ ಮೊದಲು ಅನುವಾದವಾದದ್ದೇ ರಷ್ಯನ್ ಭಾಷೆಗೆ, 1872ರಲ್ಲಿ. ಇದನ್ನು ಓದುವವರೇ ಕಡಿಮೆ, ಅರ್ಥ ಮಾಡಿಕೊಳ್ಳುವವರು ಇನ್ನೂ ಕಡಿಮೆ ಅಂತ ಅಲ್ಲಿನ ಸೆನ್ಸಾರ್ ಅಧಿಕಾರಿ ಬಿಟ್ಟುಬಿಟ್ಟಿದ್ದ. 1881ರಲ್ಲಿ ವೆರಾ ಜಸೂಲಿಚ್ ಎಂಬ ರಷ್ಯನ್ ಕ್ರಾಂತಿಕಾರಿ ಮಾರ್ಕ್ಸ್‌ಗೆ ಪತ್ರ ಬರೆದು, ನಮ್ಮ ಹಳ್ಳಿಗಳಲ್ಲಿ ಜಮೀನು ಎಲ್ಲರಿಗೂ ಸೇರಿದ್ದು, ಅದು ಅಳಿದು ಬಂಡವಾಳಶಾಹಿ ಬರಲೇಬೇಕಾ ಅಂತ ಕೇಳಿದಳು. ಮಾರ್ಕ್ಸ್ ಮತ್ತೆ ಮತ್ತೆ ಕರಡು ಬರೆದು, ಕೊನೆಗೆ ಚಿಕ್ಕ ಉತ್ತರ ಕಳಿಸಿದ. ತಾನು ಹೇಳಿದ ದಾರಿ ಪಶ್ಚಿಮ ಯುರೋಪಿಗೆ ಮಾತ್ರ ಸಂಬಂಧಿಸಿದ್ದು, ರಷ್ಯಾದ ಹಳ್ಳಿ ಸಮುದಾಯವೇ ಅಲ್ಲಿನ ಹೊಸ ಸಮಾಜಕ್ಕೆ ಆಸರೆ ಆಗಬಹುದು ಅಂತ ಅದರ ಸಾರ. ಮರುವರ್ಷ ‘ಕಮ್ಯುನಿಸ್ಟ್ ಪ್ರಣಾಳಿಕೆ’ಯ ರಷ್ಯನ್ ಆವೃತ್ತಿಗೆ ಎಂಗೆಲ್ಸ್ ಜೊತೆ ಬರೆದ ಮುನ್ನುಡಿಯಲ್ಲಿ ಒಂದು ಷರತ್ತನ್ನೂ ಸೇರಿಸಿದ: ರಷ್ಯಾದ ಕ್ರಾಂತಿ ಪಶ್ಚಿಮದ ಕಾರ್ಮಿಕರ ಕ್ರಾಂತಿಗೆ ಕರೆಗಂಟೆ ಆಗಬೇಕು, ಎರಡೂ ಒಂದಕ್ಕೊಂದು ಪೂರಕವಾಗಬೇಕು.

ಈ ಷರತ್ತನ್ನು ನೆನಪಿಡಿ. ಲೆನಿನ್ ಕೂಡ 1917ರಲ್ಲಿ ಇದನ್ನೇ ನಂಬಿದ್ದ. ರಷ್ಯಾ ಶುರು ಮಾಡುತ್ತದೆ, ಜರ್ಮನಿ ಕೈ ಜೋಡಿಸುತ್ತದೆ ಎಂಬುದು ಅವನ ಲೆಕ್ಕ. 1918ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ದೊರೆ ಕೈಸರ್ ಬಿದ್ದ, ಆದರೆ ಸಮಾಜವಾದಿ ಕ್ರಾಂತಿ ಗೆಲ್ಲಲಿಲ್ಲ. 1919ರಲ್ಲಿ ಹಂಗೆರಿಯಲ್ಲಿ ಎದ್ದ ಸೋವಿಯತ್ (ಅಂದರೆ ಕಾರ್ಮಿಕರ ಮಂಡಳಿಗಳ) ಸರ್ಕಾರ ಕೆಲವೇ ತಿಂಗಳಲ್ಲಿ ಕುಸಿಯಿತು. ರಷ್ಯಾ ಒಂಟಿಯಾಯಿತು. ಹಾಗಾಗಿ ಹಿಂದುಳಿದ ದೇಶದಲ್ಲಿ ಕ್ರಾಂತಿ ಶುರುವಾಗಬಹುದೇ ಎಂಬ ವಿಷಯದಲ್ಲಿ ಇಬ್ಬರ ನಡುವೆ ಜನ ಹೇಳುವಷ್ಟು ದೂರ ಇಲ್ಲ. ಅಂತರ ಜಾಸ್ತಿ ಇರುವುದು ಮುಂದಿನ ವಿಷಯದಲ್ಲಿ.

ಪಕ್ಷ

ನಿಜವಾದ ಲೆನಿನ್‌ವಾದ ಇರುವುದು ಇಲ್ಲಿ. ಕಾರ್ಮಿಕ ವರ್ಗದ ಬಿಡುಗಡೆಯನ್ನು ಕಾರ್ಮಿಕ ವರ್ಗವೇ ಗಳಿಸಿಕೊಳ್ಳಬೇಕು ಅಂತ 1864ರಲ್ಲಿ, ಹಲವು ದೇಶಗಳ ಕಾರ್ಮಿಕರ ಒಕ್ಕೂಟವಾದ ಮೊದಲ ಇಂಟರ್‌ನ್ಯಾಷನಲ್‌ನ ನಿಯಮಗಳಲ್ಲಿ ಮಾರ್ಕ್ಸ್ ಬರೆದ. ಪಕ್ಷ ಹೇಗಿರಬೇಕು, ಸದಸ್ಯರು ಯಾರು, ಶಿಸ್ತು ಎಷ್ಟು, ಇದರ ಬಗ್ಗೆ ಅವನು ಸಿದ್ಧಾಂತ ಕಟ್ಟಲಿಲ್ಲ. ದೊಡ್ಡ ಖಾಲಿ ಜಾಗ ಬಿಟ್ಟುಹೋದ.

1902ರಲ್ಲಿ ‘ಏನು ಮಾಡಬೇಕು?’ ಎಂಬ ಪುಸ್ತಕದಲ್ಲಿ ಲೆನಿನ್ ಆ ಜಾಗ ತುಂಬಿದ. ಕಾರ್ಮಿಕರು ತಮ್ಮಷ್ಟಕ್ಕೆ ಹೋರಾಡಿದರೆ ಸಂಬಳ, ಸೌಲಭ್ಯ, ಸಂಘ ಎಂಬ ಮಟ್ಟಕ್ಕೆ ಬರುತ್ತಾರೆ, ಇಡೀ ವ್ಯವಸ್ಥೆಯನ್ನು ಬದಲಿಸುವ ಅರಿವು ಹೊರಗಿನಿಂದ, ಅಂದರೆ ಸಿದ್ಧಾಂತ ಓದಿಕೊಂಡ ಕ್ರಾಂತಿಕಾರಿಗಳಿಂದ ಬರಬೇಕು ಅಂತ ಅವನ ವಾದ. ಅದಕ್ಕಾಗಿ ಪೂರ್ತಿ ಜೀವನವನ್ನೇ ಇದಕ್ಕೆ ಕೊಟ್ಟವರ, ಗುಟ್ಟಾಗಿ ಕೆಲಸ ಮಾಡುವ, ಬಿಗಿ ಶಿಸ್ತಿನ ಒಂದು ಪಕ್ಷ ಬೇಕು. ‘ಹೊರಗಿನಿಂದ’ ಎಂಬ ಈ ವಿಚಾರಕ್ಕೆ ಅವನು ಆಧಾರವಾಗಿ ಎತ್ತಿ ಹೇಳಿದ್ದು ಜರ್ಮನಿಯ ಕೌಟ್ಸ್‌ಕಿಯ ಮಾತನ್ನು. ಆಗ ಕೌಟ್ಸ್‌ಕಿ ಅಂದರೆ ಯುರೋಪಿನ ಮಾರ್ಕ್ಸ್‌ವಾದಿಗಳಿಗೆಲ್ಲ ಗುರು. ಹಾಗಾಗಿ ಲೆನಿನ್ ಇದನ್ನು ತನ್ನ ತಲೆಯಿಂದಲೇ ಹುಟ್ಟಿಸಿದ ಅನ್ನುವುದು ಸರಿಯಲ್ಲ.

1903ರಲ್ಲಿ ರಷ್ಯಾದ ಸಮಾಜವಾದಿ ಪಕ್ಷದ ಎರಡನೇ ಮಹಾಧಿವೇಶನ ಬ್ರಸೆಲ್ಸ್‌ನಲ್ಲಿ ಶುರುವಾಗಿ, ಪೊಲೀಸರ ಕಾಟಕ್ಕೆ ಲಂಡನ್ನಿಗೆ ಹೋಯಿತು. ಸದಸ್ಯ ಅಂದರೆ ಯಾರು ಎಂಬುದರ ಮೇಲೆ ಅಲ್ಲಿ ಜಗಳ. ಪಕ್ಷದ ಒಂದು ಘಟಕದಲ್ಲಿ ಸ್ವತಃ ಕೆಲಸ ಮಾಡುವವನೇ ಸದಸ್ಯ ಅಂತ ಲೆನಿನ್. ಘಟಕದ ಮಾರ್ಗದರ್ಶನದಲ್ಲಿ ನಿಯಮಿತವಾಗಿ ನೆರವಾದರೆ ಸಾಕು ಅಂತ ಪಕ್ಷದ ಇನ್ನೊಬ್ಬ ನಾಯಕ ಮಾರ್ತೊವ್. ಆ ಮತದಾನದಲ್ಲಿ ಗೆದ್ದದ್ದು ಮಾರ್ತೊವ್. ಆಮೇಲೆ ಕೆಲವು ಪ್ರತಿನಿಧಿಗಳು ಸಭೆ ಬಿಟ್ಟು ಹೋದದ್ದರಿಂದ ಲೆನಿನ್ ಗುಂಪಿಗೆ ಬಹುಮತ ಬಂತು. ಪಕ್ಷ ಲೆನಿನ್ ಕಡೆಯ ಬೊಲ್ಶೆವಿಕ್, ಮಾರ್ತೊವ್ ಕಡೆಯ ಮೆನ್ಶೆವಿಕ್ ಅಂತ ಎರಡು ಹೋಳಾಯಿತು.

ಟೀಕೆ ಕೂಡಲೇ ಬಂತು, ಅದೂ ಮಾರ್ಕ್ಸ್‌ವಾದಿಗಳಿಂದಲೇ. 1904ರಲ್ಲಿ ಜರ್ಮನಿಯ ಸಮಾಜವಾದಿ ನಾಯಕಿ ರೋಸಾ ಲಕ್ಸೆಂಬರ್ಗ್, ಇಂಥ ಕೇಂದ್ರೀಕರಣ ಚಳವಳಿಯ ಉಸಿರು ಕಟ್ಟಿಸುತ್ತದೆ ಅಂದಳು. ಅದೇ ವರ್ಷ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಬರೆದದ್ದು ಇನ್ನೂ ಚೂಪಾಗಿದೆ: ಮೊದಲು ಪಕ್ಷದ ಸಂಘಟನೆ ಪಕ್ಷದ ಜಾಗಕ್ಕೆ ಬರುತ್ತದೆ, ಆಮೇಲೆ ಕೇಂದ್ರ ಸಮಿತಿ ಸಂಘಟನೆಯ ಜಾಗಕ್ಕೆ, ಕೊನೆಗೆ ಒಬ್ಬ ಸರ್ವಾಧಿಕಾರಿ ಕೇಂದ್ರ ಸಮಿತಿಯ ಜಾಗಕ್ಕೆ. ಇದನ್ನು ಬರೆದಾಗ ಅವನಿಗೆ ಇಪ್ಪತ್ತೈದು ವರ್ಷ ಕೂಡ ತುಂಬಿರಲಿಲ್ಲ. ಮುಂದೆ 1917ರಲ್ಲಿ ಅವನೇ ಬೊಲ್ಶೆವಿಕ್ ಸೇರಿದ, ಅದು ಬೇರೆ ಮಾತು.

ಲೆನಿನ್ ಪರವಾಗಿಯೂ ಹೇಳಬೇಕಾದ್ದಿದೆ. ಅವನ ಅಣ್ಣ ಅಲೆಕ್ಸಾಂಡರ್‌ನನ್ನು ಝಾರ್ ಕೊಲೆಯ ಸಂಚಿಗಾಗಿ 1887ರಲ್ಲಿ ಗಲ್ಲಿಗೇರಿಸಿದ್ದರು. ಲೆನಿನ್ ಕೂಡ ಜೈಲು, ಗಡಿಪಾರು ಕಂಡವನು. ಜರ್ಮನಿಯಲ್ಲಿ ಸಮಾಜವಾದಿಗಳು ಚುನಾವಣೆಗೆ ನಿಲ್ಲುತ್ತಿದ್ದರು, 1912ರಲ್ಲಿ ಅಲ್ಲಿನ ಸಂಸತ್ತಿನ ಅತಿ ದೊಡ್ಡ ಪಕ್ಷವೇ ಆದರು. 1902ರ ರಷ್ಯಾದಲ್ಲಿ ಚುನಾಯಿತ ಸಂಸತ್ತೇ ಇರಲಿಲ್ಲ. ಅಂಥ ಜಾಗದಲ್ಲಿ ಬಾಗಿಲು ತೆರೆದಿಟ್ಟ ಪಕ್ಷ ಕಟ್ಟಿದರೆ ಮೊದಲು ಒಳಗೆ ಬರುವವನು ಪೊಲೀಸ್ ಗೂಢಚಾರ. 1905ರ ದಂಗೆಯಿಂದ ಸ್ವಲ್ಪ ಗಾಳಿ ಆಡಿದಾಗ, ಪಕ್ಷದ ಬಾಗಿಲನ್ನು ಕಾರ್ಮಿಕರಿಗೆ ಅಗಲವಾಗಿ ತೆರೆಯಿರಿ ಅಂತ ಒತ್ತಾಯಿಸಿದವನೂ ಲೆನಿನ್ನೇ. ಅಂದರೆ ಬಿಗಿ ಪಕ್ಷ ಎಂಬುದು ಅವನಿಗೆ ಆ ಹೊತ್ತಿನ ಉತ್ತರವಾಗಿತ್ತು. ಅದನ್ನು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ನಿಯಮ ಮಾಡಿದ್ದು ಆಮೇಲಿನ ಕೆಲಸ. 1920ರಲ್ಲಿ, ಹಲವು ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಸೇರಬೇಕಾದರೆ ಒಪ್ಪಬೇಕಾದ 21 ಷರತ್ತು ಹಾಕಿದರು. ಕೇಂದ್ರೀಕೃತ ಪಕ್ಷ ಅದರಲ್ಲಿ ಒಂದು. ಆ ಹೆಜ್ಜೆಯಲ್ಲಿ ಲೆನಿನ್ ಪಾಲೂ ಇದೆ, ಅದನ್ನು ಮರೆಮಾಚಬಾರದು.

ಸಾಮ್ರಾಜ್ಯಶಾಹಿ, ಮತ್ತು ನಾವು

ಭಾರತದಲ್ಲಿ ಕೂತು ಓದುವವರಿಗೆ ಲೆನಿನ್ ಹತ್ತಿರವಾಗುವುದು ಈ ವಿಷಯದಲ್ಲಿ. ಮಾರ್ಕ್ಸ್ 1853ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಗೆ ಭಾರತದ ಬಗ್ಗೆ ಲೇಖನ ಬರೆದ. ಬ್ರಿಟಿಷರ ಕ್ರೌರ್ಯವನ್ನು ಬಯ್ಯುತ್ತಾನೆ, ಅದರ ಜೊತೆಗೇ ರೈಲು, ಕಾರ್ಖಾನೆ ತಂದು ಹಳೆಯ ಸಮಾಜವನ್ನು ಅಲುಗಾಡಿಸುತ್ತಿದ್ದಾರೆ, ತಮಗೆ ಗೊತ್ತಿಲ್ಲದೆಯೇ ಇತಿಹಾಸದ ಕೆಲಸ ಮಾಡುತ್ತಿದ್ದಾರೆ ಅಂತಲೂ ಹೇಳುತ್ತಾನೆ. ಓದುವಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಆದರೆ ಭಾರತೀಯರು ಬ್ರಿಟಿಷ್ ನೊಗ ಕಿತ್ತೆಸೆಯುವಷ್ಟು ಬಲಶಾಲಿಗಳಾಗುವ ದಿನದ ಬಗ್ಗೆಯೂ ಅವನು ಅಲ್ಲೇ ಬರೆದಿದ್ದಾನೆ, ಟೀಕಿಸುವವರು ಆ ಸಾಲನ್ನೂ ಓದಬೇಕು.

ಲೆನಿನ್ ಈ ಪ್ರಶ್ನೆಯನ್ನು ಅಂಚಿನಿಂದ ನಡುವಿಗೆ ತಂದ. ಅವನನ್ನು ಇದಕ್ಕೆ ತಳ್ಳಿದ್ದು ಒಂದು ಆಘಾತ. 1914ರ ಆಗಸ್ಟ್ 4ರಂದು ಜರ್ಮನಿಯ ಸಮಾಜವಾದಿ ಪಕ್ಷ, ಮಾರ್ಕ್ಸ್ ಹೆಸರು ಹೇಳಿಕೊಂಡೇ ಬೆಳೆದ ಪಕ್ಷ, ಸಂಸತ್ತಿನಲ್ಲಿ ಯುದ್ಧದ ಖರ್ಚಿಗೆ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಇದ್ದ ಪತ್ರಿಕೆಯನ್ನು ನೋಡಿ ಇದು ನಕಲಿ ಇರಬೇಕು ಅಂದುಕೊಂಡನಂತೆ ಲೆನಿನ್. ಯಾಕೆ ಹೀಗಾಯಿತು ಅಂತ ಹುಡುಕುತ್ತಾ 1916ರಲ್ಲಿ ಜೂರಿಕ್‌ನಲ್ಲಿ ಕೂತು ಸಾಮ್ರಾಜ್ಯಶಾಹಿಯ ಬಗ್ಗೆ ಬರೆದ. ಪೈಪೋಟಿ ಹೋಗಿ ಏಕಸ್ವಾಮ್ಯ ಬಂದಿದೆ, ಬ್ಯಾಂಕು ಮತ್ತು ಉದ್ಯಮ ಬೆರೆತು ಹಣಕಾಸು ಬಂಡವಾಳ ಆಗಿದೆ, ಸರಕಿಗಿಂತ ಬಂಡವಾಳವೇ ಹೊರದೇಶಕ್ಕೆ ಹೋಗುತ್ತಿದೆ, ದೊಡ್ಡ ಕಂಪನಿಕೂಟಗಳು ಮಾರುಕಟ್ಟೆ ಹಂಚಿಕೊಂಡಿವೆ, ದೊಡ್ಡ ರಾಜ್ಯಗಳು ಭೂಮಿಯನ್ನೇ ಹಂಚಿಕೊಂಡು ಮುಗಿಸಿವೆ, ಇನ್ನು ಮರುಹಂಚಿಕೆಗೆ ಯುದ್ಧವೇ ಗತಿ ಅಂತ ಅವನ ವಿವರಣೆ. ವಸಾಹತಿನ ಲಾಭದಲ್ಲಿ ಒಂದು ತುಣುಕು ಯುರೋಪಿನ ಕಾರ್ಮಿಕರ ಮೇಲ್ಪದರಕ್ಕೂ ಸಿಗುತ್ತದೆ, ಅದಕ್ಕೇ ಅವರ ನಾಯಕರು ದೊರೆಗಳ ಪಕ್ಕ ನಿಂತರು ಅಂತ ಸೇರಿಸಿದ. ಇಂಗ್ಲೆಂಡಿನ ಹಾಬ್ಸನ್, ಆಸ್ಟ್ರಿಯಾದ ಹಿಲ್ಫರ್ಡಿಂಗ್ ಎಂಬ ಲೇಖಕರು ಮೊದಲೇ ಬರೆದದ್ದರಿಂದ ಅವನು ಧಾರಾಳವಾಗಿ ತೆಗೆದುಕೊಂಡಿದ್ದಾನೆ, ಅದನ್ನು ಒಪ್ಪಿಕೊಂಡೂ ಇದ್ದಾನೆ.

1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆ ಆದಾಗ ಬೊಂಬಾಯಿಯ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದೇ ವರ್ಷ ಲೆನಿನ್ ಅದರ ಬಗ್ಗೆ ಬರೆದು, ಭಾರತದ ಕಾರ್ಮಿಕರು ರಾಜಕೀಯ ಹೋರಾಟಕ್ಕೆ ಆಗಲೇ ಬೆಳೆದಿದ್ದಾರೆ ಅಂದ. 1920ರ ಇಂಟರ್‌ನ್ಯಾಷನಲ್ ಅಧಿವೇಶನದಲ್ಲಿ ಭಾರತದ ಕ್ರಾಂತಿಕಾರಿ ಎಂ. ಎನ್. ರಾಯ್ ಅವರು ಅವನ ಎದುರಿಗೇ ವಾದ ಮಾಡಿದರು. ವಸಾಹತುಗಳ ರಾಷ್ಟ್ರೀಯ ಚಳವಳಿಯ ಜೊತೆ ನಿಲ್ಲಬೇಕು ಅಂತ ಲೆನಿನ್. ಅದರ ಶ್ರೀಮಂತ ನಾಯಕರನ್ನು ಅಷ್ಟು ನಂಬಬೇಡಿ ಅಂತ ರಾಯ್. ಲೆನಿನ್ ತನ್ನ ಕರಡನ್ನು ತಿದ್ದಿ, ರಾಯ್ ಅವರ ಪೂರಕ ಕರಡನ್ನೂ ಅಧಿವೇಶನದ ಮುಂದೆ ಇಡಲು ಒಪ್ಪಿದ. ಏಷ್ಯಾದ ಜನರಿಗೆ ಇಷ್ಟು ಜಾಗ ಕೊಟ್ಟ ಯುರೋಪಿನ ಸಮಾಜವಾದಿ ನಾಯಕ ಆ ಕಾಲದಲ್ಲಿ ಇನ್ನೊಬ್ಬ ಸಿಗುವುದು ಕಷ್ಟ.

ರಾಜ್ಯ, ಪ್ರಜಾಪ್ರಭುತ್ವ

ಕಾರ್ಮಿಕ ವರ್ಗದ ಸರ್ವಾಧಿಕಾರ ಎಂಬ ಮಾತು ಮಾರ್ಕ್ಸ್‌ನದೇ. ಆದರೆ ಅದು ಹೇಗಿರುತ್ತದೆ ಅಂತ ಅವನು ವಿವರಿಸಿದ್ದು ಬಹಳ ಕಡಿಮೆ. 1871ರಲ್ಲಿ ಪ್ಯಾರಿಸ್ ಜನ ಎರಡು ತಿಂಗಳ ಮೇಲೆ ಸ್ವಲ್ಪ ದಿನ ನಗರವನ್ನು ತಾವೇ ಆಳಿದಾಗ ಮಾರ್ಕ್ಸ್ ಮೆಚ್ಚಿ ಬರೆದ: ಎಲ್ಲರ ಮತದಿಂದ ಆಯ್ಕೆಯಾದ ಪ್ರತಿನಿಧಿಗಳು, ಬೇಡವಾದರೆ ವಾಪಸ್ ಕರೆಸುವ ಹಕ್ಕು, ಅಧಿಕಾರಿಗೂ ಕಾರ್ಮಿಕನಷ್ಟೇ ಸಂಬಳ. ಪ್ಯಾರಿಸ್ ಕಮ್ಯೂನ್ ಅಂತ ಕರೆಯುವ ಆ ಆಡಳಿತದೊಳಗೆ ಹಲವು ಗುಂಪುಗಳಿದ್ದವು, ಒಂದೇ ಪಕ್ಷ ಅಲ್ಲ. ಮರುವರ್ಷ ಹಾಲೆಂಡಿನಲ್ಲಿ ಮಾಡಿದ ಭಾಷಣದಲ್ಲಿ, ಅಮೆರಿಕ, ಇಂಗ್ಲೆಂಡಿನಂಥ ಕಡೆ ಕಾರ್ಮಿಕರು ಶಾಂತಿಯುತವಾಗಿಯೂ ಗುರಿ ಮುಟ್ಟಬಹುದು ಅಂದ.

ಲೆನಿನ್ 1917ರಲ್ಲಿ ತಲೆಮರೆಸಿಕೊಂಡು ಫಿನ್ಲೆಂಡಿನಲ್ಲಿದ್ದಾಗ ರಾಜ್ಯ ಮತ್ತು ಕ್ರಾಂತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಕಮ್ಯೂನಿನ ಮಾದರಿ ಎತ್ತಿಹಿಡಿದ. ಶಾಂತಿಯ ದಾರಿ ಮಾತ್ರ ಈಗ ಎಲ್ಲೂ ಉಳಿದಿಲ್ಲ ಅಂದ. ಕಾಗದದ ಮೇಲೆ ಅದು ಬಹಳ ಪ್ರಜಾಸತ್ತಾತ್ಮಕ ಪುಸ್ತಕ. ನಡೆದದ್ದು ಬೇರೆ. ನವೆಂಬರ್ 7ರಂದು ಬೊಲ್ಶೆವಿಕರು ಅಧಿಕಾರ ಹಿಡಿದರು. ಡಿಸೆಂಬರ್‌ನಲ್ಲಿ ಚೆಕಾ ಎಂಬ ಗುಪ್ತ ಪೊಲೀಸ್ ಪಡೆ ಹುಟ್ಟಿತು. ಸಂವಿಧಾನ ಸಭೆಯ ಚುನಾವಣೆಯಲ್ಲಿ ಬೊಲ್ಶೆವಿಕರಿಗೆ ಸಿಕ್ಕಿದ್ದು ಸುಮಾರು ಕಾಲು ಭಾಗ ಮತ. ರೈತರ ಬೆಂಬಲ ಇದ್ದ ಸೋಷಲಿಸ್ಟ್ ರೆವಲ್ಯೂಷನರಿಗಳು ಮುಂದಿದ್ದರು. 1918ರ ಜನವರಿಯಲ್ಲಿ ಆ ಸಭೆ ಒಂದೇ ಒಂದು ಸಲ ಸೇರಿತು, ಆಮೇಲೆ ಬಾಗಿಲು ಮುಚ್ಚಿದರು.

ಇದರ ಮೇಲೆ ಎರಡು ಮುಖ್ಯ ಟೀಕೆ ಬಂದವು, ಎರಡೂ ಅದೇ 1918ರಲ್ಲಿ. ಪ್ರಜಾಪ್ರಭುತ್ವ ಇಲ್ಲದ ಸಮಾಜವಾದ ಇಲ್ಲ ಅಂತ ಕೌಟ್ಸ್‌ಕಿ ಬರೆದ. ಹದಿನಾರು ವರ್ಷದ ಹಿಂದೆ ಯಾರ ಮಾತನ್ನು ಆಧಾರ ಮಾಡಿಕೊಂಡಿದ್ದನೋ ಅವನನ್ನೇ ಲೆನಿನ್ ದ್ರೋಹಿ ಅಂತ ಕರೆದು ಪುಸ್ತಕ ಬರೆದ. ಇನ್ನೊಂದು ಟೀಕೆ ಜೈಲಿನಲ್ಲಿದ್ದ ರೋಸಾ ಲಕ್ಸೆಂಬರ್ಗ್‌ಳದು. ಅವಳು ಕ್ರಾಂತಿಯನ್ನು ಮನಸಾರೆ ಮೆಚ್ಚಿದವಳು. ಆದರೂ ಸ್ವಾತಂತ್ರ್ಯ ಅಂದರೆ ಯಾವಾಗಲೂ ಬೇರೆ ಥರ ಯೋಚಿಸುವವನ ಸ್ವಾತಂತ್ರ್ಯ ಅಂತ ಬರೆದಳು. ಚುನಾವಣೆ, ಪತ್ರಿಕೆ, ಸಭೆ ಇಲ್ಲದಿದ್ದರೆ ಜೀವಂತವಾಗಿ ಉಳಿಯುವುದು ಅಧಿಕಾರಿಶಾಹಿ ಒಂದೇ ಅಂದಳು. ಇಡೀ ವಿವಾದದಲ್ಲಿ ನನಗೆ ಅತ್ಯಂತ ಸರಿ ಅನ್ನಿಸುವುದು ಅವಳ ಮಾತೇ, ಯಾಕೆಂದರೆ ಅದು ಹೊರಗೆ ನಿಂತು ಬಯ್ದ ಮಾತಲ್ಲ.

ಅಂತರ್ಯುದ್ಧ ಇತ್ತು, ಹೊರದೇಶಗಳ ಸೈನ್ಯ ನುಗ್ಗಿತ್ತು, ಹಸಿವಿತ್ತು, ನಿಜ. ಆದರೆ 1921ರ ಮಾರ್ಚ್ ಹೊತ್ತಿಗೆ ಯುದ್ಧ ಬಹುಮಟ್ಟಿಗೆ ಗೆದ್ದಾಗಿತ್ತು. ಆ ತಿಂಗಳೇ ನೌಕಾನೆಲೆ ಕ್ರಾನ್‌ಸ್ಟಾಟ್‌ನ ನಾವಿಕರು, ಸೋವಿಯತ್‌ಗಳಿಗೆ ಗುಟ್ಟಿನ ಮತದಾನದಿಂದ ಹೊಸ ಚುನಾವಣೆ ನಡೆಸಿ ಅಂತ ಕೇಳಿದ್ದಕ್ಕೆ ಅವರ ಮೇಲೆ ಸೈನ್ಯ ಹೋಯಿತು. ಅದೇ ತಿಂಗಳು ಪಕ್ಷದ ಹತ್ತನೇ ಅಧಿವೇಶನ ಪಕ್ಷದ ಒಳಗಿನ ಬಣಗಳನ್ನೂ ನಿಷೇಧಿಸಿತು. ರೈತರಿಗೆ ಮಾರುಕಟ್ಟೆ ಬಿಟ್ಟುಕೊಟ್ಟ ಹೊಸ ಆರ್ಥಿಕ ನೀತಿಯೂ ಅಲ್ಲೇ ಬಂತು. ಆರ್ಥಿಕವಾಗಿ ಸಡಿಲ ಬಿಟ್ಟರು, ರಾಜಕೀಯವಾಗಿ ಬಿಗಿ ಮಾಡಿದರು. ಇದು ಮಾರ್ಕ್ಸ್‌ನ ಯಾವ ಬರಹದಿಂದಲೂ ಬರುವಂಥದ್ದಲ್ಲ. ಇದರ ಹೊಣೆ ಲೆನಿನ್ ಮತ್ತು ಅವನ ಪಕ್ಷದ್ದು.

ಮೂರನೆಯ ಹೆಸರು

ಲೆನಿನ್ ಸತ್ತದ್ದು 1924ರ ಜನವರಿ 21ರಂದು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟಾಲಿನ್ ಲೆನಿನ್‌ವಾದದ ತಳಹದಿಯ ಬಗ್ಗೆ ಉಪನ್ಯಾಸ ಕೊಟ್ಟು, ಸಾಮ್ರಾಜ್ಯಶಾಹಿ ಮತ್ತು ಕಾರ್ಮಿಕ ಕ್ರಾಂತಿಯ ಯುಗದ ಮಾರ್ಕ್ಸ್‌ವಾದವೇ ಲೆನಿನ್‌ವಾದ ಅಂತ ಹೇಳಿದ. ಬದುಕಿದ್ದಾಗ ಲೆನಿನ್ ತನ್ನನ್ನು ಬರೀ ಮಾರ್ಕ್ಸ್‌ವಾದಿ ಅಂತಲೇ ಕರೆದುಕೊಂಡವನು. ಆಮೇಲೆ ಮಾರ್ಕ್ಸ್‌ವಾದ-ಲೆನಿನ್‌ವಾದ ಎಂಬ ಜೋಡಿ ಹೆಸರು ಸೋವಿಯತ್ ರಾಜ್ಯದ ಅಧಿಕೃತ ಸಿದ್ಧಾಂತವಾಯಿತು. 1938ರಲ್ಲಿ ಪಕ್ಷದ ಇತಿಹಾಸದ ಒಂದು ಚಿಕ್ಕ ಪಠ್ಯ ಬಂದು, ಅದೇ ಕೊನೆಯ ಮಾತು ಅನ್ನುವಂತಾಯಿತು. ಮಾಸ್ಕೋದಲ್ಲಿ ಅಚ್ಚಾಗಿ ಕಡಿಮೆ ಬೆಲೆಗೆ ನಮ್ಮ ಊರುಗಳಿಗೂ ಬರುತ್ತಿದ್ದ ಕನ್ನಡ ಪುಸ್ತಕಗಳಲ್ಲಿ ಮಾರ್ಕ್ಸ್, ಎಂಗೆಲ್ಸ್, ಲೆನಿನ್ ಮೂವರೂ ಒಂದೇ ನೇರ ಗೆರೆಯಲ್ಲಿ ನಿಂತಂತೆ ಕಾಣುವುದು ಇದರಿಂದಲೇ. ನಮ್ಮಲ್ಲಿ ಸಿಪಿಐ(ಎಂ) ಹೆಸರಿನಲ್ಲಿ ಮಾರ್ಕ್ಸ್ ಮಾತ್ರ ಇದ್ದರೂ ಅದರ ಪಕ್ಷ ಸಂವಿಧಾನದಲ್ಲಿ ಇರುವುದು ಮಾರ್ಕ್ಸ್‌ವಾದ-ಲೆನಿನ್‌ವಾದ. ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ ಅಂತ ಹೇಳಲು ಇದನ್ನು ಎತ್ತಿದೆ.

ಹಾಗಾದರೆ ಯಾರನ್ನು ಎತ್ತಿಕೊಳ್ಳುವುದು?

ಸಂಬಳ ಯಾಕೆ ಏರುವುದಿಲ್ಲ, ಯಂತ್ರ ಬಂದರೂ ಕೆಲಸ ಯಾಕೆ ಕಡಿಮೆ ಆಗುವುದಿಲ್ಲ, ಮುಗ್ಗಟ್ಟು ಯಾಕೆ ಮರಳಿ ಮರಳಿ ಬರುತ್ತದೆ ಎಂಬುದು ನಿಮ್ಮ ಪ್ರಶ್ನೆಯಾದರೆ ಮಾರ್ಕ್ಸ್ ಸಾಕು. ‘ಬಂಡವಾಳ’ಕ್ಕೆ ನೇರವಾಗಿ ಕೈ ಹಾಕಬೇಡಿ. ಕೂಲಿ ಮತ್ತು ಬಂಡವಾಳದ ಬಗ್ಗೆ ಅವನು 1847ರಲ್ಲಿ ಕಾರ್ಮಿಕರಿಗೆ ಕೊಟ್ಟ ಉಪನ್ಯಾಸಗಳು ಚಿಕ್ಕವು, ಸುಲಭ. ಆಮೇಲೆ ‘ಪ್ರಣಾಳಿಕೆ’, ಆಮೇಲೆ ಕೆಲಸದ ದಿನದ ಆ ಅಧ್ಯಾಯ.

ದೊಡ್ಡ ದೇಶಗಳು ಚಿಕ್ಕ ದೇಶಗಳನ್ನು ಹೇಗೆ ಹಿಂಡುತ್ತವೆ ಎಂಬುದು ಪ್ರಶ್ನೆಯಾದರೆ ಲೆನಿನ್‌ನ 1916ರ ಪುಸ್ತಕ ಓದಿ. ಅಂಕಿ ಹಳೆಯವು, ಯೋಚಿಸುವ ರೀತಿ ಇನ್ನೂ ಉಪಯೋಗಕ್ಕೆ ಬರುತ್ತದೆ. ಸಂಘಟನೆ ಕಟ್ಟುವ ಕೆಲಸದಲ್ಲಿ ನೀವೇ ಇದ್ದರೆ 1902ರ ಪುಸ್ತಕ ಓದಿ, ಆದರೆ ಅದರ ಜೊತೆಗೇ ರೋಸಾಳ 1904ರ ಉತ್ತರವನ್ನೂ ಓದಿ, ಒಂದನ್ನೇ ಓದಿ ನಿಲ್ಲಿಸಬೇಡಿ. ಪತ್ರಿಕೆ, ಚುನಾವಣೆ, ನ್ಯಾಯಾಲಯ ಇರುವ ದೇಶದಲ್ಲಿ ಗುಟ್ಟಿನ ಪಕ್ಷದ ನಿಯಮಗಳನ್ನು ಹಾಗೇ ತಂದು ಹಾಕಿದರೆ ಕೆಳಗಿನ ಸದಸ್ಯನ ಬಾಯಿ ಮುಚ್ಚುತ್ತದೆ, ಬೇರೇನೂ ಆಗುವುದಿಲ್ಲ.

ಸೋವಿಯತ್ ರಾಜ್ಯ ಯಾಕೆ ಹಾಗಾಯಿತು ಅನ್ನುವುದೇ ನಿಮ್ಮನ್ನು ಕಾಡುತ್ತಿದ್ದರೆ ಮಾರ್ಕ್ಸ್‌ನಿಂದ ಶುರು ಮಾಡಬೇಡಿ. ಲೆನಿನ್‌ನ 1917ರ ಪುಸ್ತಕ ಮತ್ತು ರೋಸಾಳ 1918ರ ಟಿಪ್ಪಣಿ ಅಕ್ಕಪಕ್ಕ ಇಟ್ಟುಕೊಳ್ಳಿ, ಅದು ಮುಗಿದ ಮೇಲೆ ಲೆನಿನ್‌ನ ಕೊನೆಯ ಬರಹಗಳಿಗೆ ಬನ್ನಿ. 1922ರ ಡಿಸೆಂಬರ್‌ನಿಂದ 1923ರ ಮಾರ್ಚ್‌ವರೆಗೆ, ಪಾರ್ಶ್ವವಾಯು ಬಡಿದು ಮಲಗಿದ್ದಾಗ, ಬೇರೆಯವರ ಕೈಲಿ ಬರೆಸಿದ ಟಿಪ್ಪಣಿಗಳು ಅವು. ನಮ್ಮ ಆಡಳಿತ ಯಂತ್ರ ಝಾರ್ ಕಾಲದ್ದೇ, ಮೇಲೆ ಸ್ವಲ್ಪ ಬಣ್ಣ ಹಚ್ಚಿದ್ದೇವೆ ಅಷ್ಟೇ ಅಂತ ಒಪ್ಪಿಕೊಳ್ಳುತ್ತಾನೆ. ಸ್ಟಾಲಿನ್ ಬಹಳ ಒರಟ, ಅವನನ್ನು ಪ್ರಧಾನ ಕಾರ್ಯದರ್ಶಿ ಸ್ಥಾನದಿಂದ ತೆಗೆಯುವ ದಾರಿ ಯೋಚಿಸಿ ಅಂತಲೂ ಬರೆಸುತ್ತಾನೆ. ಪರಿಹಾರ ಅಂತ ಅವನು ಸೂಚಿಸಿದ್ದು ಕೇಂದ್ರ ಸಮಿತಿಗೆ ಇನ್ನಷ್ಟು ಕಾರ್ಮಿಕರನ್ನು ಸೇರಿಸುವುದು, ತಪಾಸಣೆ ಸಮಿತಿ ಬಲಪಡಿಸುವುದು. ಬೇರೆ ಪಕ್ಷಗಳಿಗೆ ಜಾಗ ಕೊಡಿ ಎಂಬ ಮಾತು ಆ ಟಿಪ್ಪಣಿಗಳಲ್ಲಿ ಎಲ್ಲೂ ಇಲ್ಲ.